ಕೈಗವಸು ಹಾಕಿಕೊಂಡವರಿಗೆ ಪ್ರವೇಶವಿಲ್ಲ

ಮನುಷ್ಯ ನೆಲ ಅಗೆಯಲು ಕಲಿತ ಮೇಲೆ ಇತ್ಯರ್ಥವಾಗದೆ ಉಳಿದಿರುವ ಮಹಾಪ್ರಶ್ನೆಗಳು ಹಲವಿವೆ. ಅವುಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕಾಗಿರುವುದರಿಂದ ಓದುಗರು ದಯವಿಟ್ಟು ಸ್ವಲ್ಪ ನೆಟ್ಟಗೆ ಕೂರಬೇಕು. ಪ್ರಶ್ನೆ ಇಷ್ಟು: ಡ್ರಮ್ಮಿನಲ್ಲಿ ಕೊಳೆಹಾಕಿದ ಸೊಪ್ಪಿನ ರಸವನ್ನು ಕಲಕುವಾಗ ಒಬ್ಬ ಗಂಡಸು ರಬ್ಬರಿನ ಕೈಗವಸು ಹಾಕಿಕೊಳ್ಳಬಹುದೋ, ಕೂಡದೋ? ಕೈಗವಸು ಕಿತ್ತಳೆ ಬಣ್ಣದ್ದು. ಪಾತ್ರೆ ತೊಳೆಯುವವರಿಗೆಂದು ಅಂಗಡಿ ಬಾಗಿಲಲ್ಲಿ ಜೋಡಿಜೋಡಿಯಾಗಿ ನೇತುಹಾಕಿರುತ್ತಾರಲ್ಲ, ಅಂಥದು. ಈ ವಿಷಯದಲ್ಲಿ ಅಣ್ಣತಮ್ಮಂದಿರಿಬ್ಬರು ತಾಳಿದ ನಿಲುವುಗಳು ಎಷ್ಟು ಖಚಿತವಾಗಿದ್ದವೆಂದರೆ, ಅವುಗಳ ಚರ್ಚೆ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನೇರವಾಗಿ ಕೈಗೆ ಹೋಯಿತು.

ಅಣ್ಣನನ್ನು ಜನ ಪಂಪು ಎಂದು ಕರೆಯುತ್ತಿದ್ದರು. ಬೆಳೆಗೆ ಔಷಧಿ ಹೊಡೆಯುವ ಪಂಪು ಆತನ ಬೆನ್ನ ಮೇಲಿಲ್ಲದ್ದನ್ನು ಯಾರೂ ಕಂಡವರಿಲ್ಲ. ಮದುವೆಯ ದಿನ ಇರಲಿಲ್ಲ ನಿಜ, ಆದರೆ ಬೆನ್ನು ಆಗಲೂ ಅದರ ಲೆಕ್ಕದಲ್ಲೇ ಬಗ್ಗಿತ್ತು ಎಂದು ಆತನ ಹೆಂಡತಿ ಹೇಳುತ್ತಿದ್ದಳು. ಎಲೆಕೋಸಿಗೆ ಹುಳ ಬಿದ್ದರೆ ಆತ ಅದನ್ನು ಸ್ವಂತ ಅವಮಾನವೆಂದು ತಿಳಿಯುತ್ತಿದ್ದ. ಡಬ್ಬಿಯ ಮೇಲೆ ಒಂದು ಮುಚ್ಚಳದಷ್ಟು ಔಷಧಿ ಹಾಕಿ ಎಂದು ಬರೆದಿದ್ದರೆ ಎರಡು ಹಾಕುತ್ತಿದ್ದ, ಔಷಧಿ ಚಿಮ್ಮುವ ಸೂಜಿಬಾಯಿ ಕಟ್ಟಿಕೊಂಡರೆ ತುಟಿಗಿಟ್ಟು ಊದುತ್ತಿದ್ದ.

ತಮ್ಮನ ಅಡ್ಡಹೆಸರು ಶುದ್ಧ. ಕೆಲವು ವರ್ಷಗಳ ಹಿಂದೆ ಎಲ್ಲೋ ತರಬೇತಿಗೆ ಹೋಗಿ ಬಂದವನು ತನ್ನ ಮನೆಯ ಔಷಧಿ ಡಬ್ಬಿಗಳನ್ನೆಲ್ಲ ಗೋಡೆಯಾಚೆ ಎಸೆದು, ಇನ್ನು ನನ್ನ ಜಮೀನಿಗೆ ವಿಷದ ಹನಿಯೂ ತಾಗಕೂಡದು ಎಂದು ಸಾರಿದ. ಗೋಡೆಯಾಚೆ ಇದ್ದದ್ದು ಅಣ್ಣನ ನೀರಿನ ಕಾಲುವೆ. ಆವತ್ತು ಅಣ್ಣ ತಮ್ಮನ ಮುಂದಿನ ಹಲ್ಲು ಉದುರಿಸಿದ. ತಮ್ಮ ಉಳಿದ ಹಲ್ಲುಗಳನ್ನು ಬಳಸಿ ಅಣ್ಣನ ಕಿವಿಯ ತುದಿ ಕಚ್ಚಿ ತೆಗೆದ. ಅಪ್ಪನ ಆಸ್ತಿ ಪಾಲಾದ ಮೇಲೆ ಇಬ್ಬರಿಗೂ ತೃಪ್ತಿಯಾದ ಹಂಚಿಕೆ ಅದೊಂದೇ.

ಹೀಗಿರುವಾಗ ಒಂದು ಬಿರುಬಿಸಿಲಿನ ದಿನ ಪಂಪು ಎಲೆಕೋಸಿನ ಸಾಲಿನ ನಡುವೆ ಮಕಾಡೆ ಬಿದ್ದ. ಹೆಂಡತಿ ಹೋಗಿ ಹೊರಳಿಸಿದಾಗ ಬಾಯಿಂದ ಜೊಲ್ಲು, ಕಣ್ಣಿಂದ ನೀರು, ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದಾಗಿತ್ತು. ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಚುಚ್ಚಿ ಉಳಿಸಿದರು. ಬಿಡುಗಡೆಯ ದಿನ ಡಾಕ್ಟರಮ್ಮ ಗಂಡಹೆಂಡತಿಯನ್ನು ಎದುರು ಕೂರಿಸಿಕೊಂಡಳು. ಚಿಕ್ಕ ಪ್ರಾಯದವಳು, ನಿದ್ದೆಗೆಟ್ಟ ಮುಖ.

“ನೋಡಿ, ನರಗಳನ್ನ ಹತೋಟೀಲಿ ಇಡೋ ಒಂದು ಅಂಶ ರಕ್ತದಲ್ಲಿರುತ್ತೆ. ನಿಮ್ಮದು ತಳ ಕಂಡಿದೆ. ಅದು ಮತ್ತೆ ತುಂಬಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೊಂದು ಸಲ ವಿಷ ಒಳಗೆ ಹೋಯ್ತು ಅಂದ್ರೆ ಉಸಿರಾಡೋ ಸ್ನಾಯುನೇ ನಿಂತುಹೋಗುತ್ತೆ. ನಾನೇನೂ ಮಾಡಕ್ಕಾಗಲ್ಲ.”

“ಬಾಯಿಗೆ ಬಟ್ಟೆ ಕಟ್ಕೊಂಡು ಹೊಡೆದ್ರೆ?” ಎಂದ ಪಂಪು.

“ಚರ್ಮದಲ್ಲೂ ಹೋಗುತ್ತೆ. ಹಳೇ ಅಂಗಿ ಮುಟ್ಟೋವಾಗ್ಲೂ ಕೈಗವಸು ಹಾಕ್ಕೊಳ್ಳಿ.”

“ಎಷ್ಟು ಹೊತ್ತು?”

“ಯಾವಾಗ್ಲೂ,” ಎಂದಳು ಡಾಕ್ಟರಮ್ಮ, ಈ ಜಾತಿಯ ಗಂಡಸರನ್ನು ಬಲ್ಲವಳಂತೆ.

ಪಂಪುವಿನ ಹೆಂಡತಿ ಹೆಚ್ಚು ಆಸೆಗಳಿದ್ದ ಹೆಂಗಸಲ್ಲ. ಗಂಡನ ಸಿಡುಕು ಹೋಗಲಿ, ಗೊರಕೆ ನಿಲ್ಲಲಿ ಎಂದೆಲ್ಲ ಬೇಡಿಕೊಂಡವಳಲ್ಲ. ಆಕೆಗೆ ಬೇಕಾದದ್ದು ಇಷ್ಟೇ: ಅವನು ಉಸಿರಾಡುತ್ತಿರಬೇಕು. ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಕಿತ್ತಳೆ ಕೈಗವಸು ಕೊಂಡಳು. ಮನೆ ಸೇರಿದವಳು ಚಪ್ಪಲಿ ಕೂಡ ಬಿಡದೆ ಹಾರೆ ಎತ್ತಿಕೊಂಡು ಕೊಟ್ಟಿಗೆಗೆ ನುಗ್ಗಿ ಔಷಧಿಯ ಪಂಪನ್ನು ಜಜ್ಜಿದಳು. ಹಿತ್ತಾಳೆಯ ಕೊಳವೆ ಬಗ್ಗುವವರೆಗೆ ಜಜ್ಜಿದಳು, ಬೆನ್ನಿನ ಪಟ್ಟಿ ಹರಿಯುವವರೆಗೆ ಜಜ್ಜಿದಳು. ಪಂಪು ಓಡಿ ಬಂದು ಅಡ್ಡ ನಿಂತ. ಆ ಕೊಳವೆಯಿಂದಲೇ ಆತನ ಮೊಣಕಾಲಿಗೆ ಬಿತ್ತು.

“ಲೇ, ಅದು ಎಷ್ಟು ವರ್ಷದ್ದು ಗೊತ್ತೇನೇ!”

“ನಾನು ಅದಕ್ಕಿಂತ ಹಳಬಳು. ನನ್ನನ್ನ ಯಾವತ್ತಾದ್ರೂ ಬೆನ್ನ ಮೇಲೆ ಹೊತ್ತಿದೀರೇನ್ರೀ?”

ಆತ ಆಕೆಯ ತುರುಬಿಗೆ ಕೈ ಹಾಕಿದ. ಬೆರಳುಗಳು ನಡುಗಿ ಕೂದಲು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ಆಗ ಕೊಳವೆ ಕೆಳಗಿಟ್ಟು ಅತ್ತಳು. ಹಿಡಿತ ಸಿಗದ ಗಂಡನನ್ನು ಆಕೆ ನೋಡಿದ್ದು ಅದೇ ಮೊದಲು.

ಆದರೆ ಮನೆಯಲ್ಲಿ ಸುಮ್ಮನೆ ಕೂರುವುದು ಪಂಪುವಿಗೆ ಬಾರದ ವಿದ್ಯೆ. ಒಂದೇ ವಾರದಲ್ಲಿ ಪಕ್ಕದವರ ಟೊಮೇಟೊ ತೋಟದಲ್ಲಿ ಎರವಲು ಪಂಪು ಹೊತ್ತು ನಿಂತವನನ್ನು ಹೆಂಡತಿ ಕಾಲರು ಹಿಡಿದು ಎಳೆದು ತಂದಳು. ಕಾಲರು ಕೈಯಲ್ಲೇ ಬಂತು. ಇವನನ್ನು ಔಷಧಿಯ ವಾಸನೆಯೇ ಬಾರದ ಜಾಗದಲ್ಲಿ ದುಡಿಸಬೇಕು ಎಂದು ಆಕೆಗೆ ಹೊಳೆಯಿತು. ಅಂಥ ಜಾಗ ಸುತ್ತಮುತ್ತ ಇದ್ದದ್ದು ಒಂದೇ. ಆಕೆ ಗೋಡೆ ಸುತ್ತಿಕೊಂಡು ಮೈದುನನ ಗೇಟಿಗೆ ಹೋದಳು.

“ನಿಮ್ಮಣ್ಣನ್ನ ನಿನ್ನ ಹತ್ರ ಕೆಲಸಕ್ಕೆ ಇಟ್ಕೋಳಪ್ಪಾ.”

“ನನ್ನ ಹತ್ರಾನಾ? ಅತ್ತಿಗೆ, ಅವನು ಕಾಲಿಟ್ರೆ ನನ್ನ ಎರೆಹುಳ ಎಲ್ಲ ಗಂಟುಮೂಟೆ ಕಟ್ಕೊಂಡು ಹೋಗ್ತವೆ.”

“ಹೋದ್ರೆ ಕರ್ಕೊಂಡು ಬರಕ್ಕೆ ನಾನಿದೀನಿ. ಒಂದು ಮಾತು ಹೇಳು. ನಿನ್ನ ಹತ್ರ ವಿಷ ಇಲ್ಲ ತಾನೆ?”

“ದೇವರಾಣೆ ಇಲ್ಲ.”

“ದೇವರನ್ನ ಬಿಡು. ನಿನ್ನ ತಲೆ ಮುಟ್ಕೊಂಡು ಹೇಳು.”

ಶುದ್ಧ ತಲೆ ಮುಟ್ಟಿಕೊಂಡು ಹೇಳಿದ. ಸುಳ್ಳು ಹೇಳಲಿಲ್ಲ, ತಾನು ನಂಬಿದ್ದನ್ನೇ ಹೇಳಿದ. ಹೇಳುತ್ತಿದ್ದಂತೆ ಆತನ ಮುಖ ಅರಳಿತು. ವಿಷದ ಅಣ್ಣ ತಲೆ ತಗ್ಗಿಸಿಕೊಂಡು ತನ್ನ ಗೇಟಿನೊಳಗೆ ಬರುವ ದೃಶ್ಯ ಕಣ್ಣಿಗೆ ಕಟ್ಟಿರಬೇಕು.

ಆ ಗೇಟಿನ ಮೇಲೆ ಹಸಿರು ಬಣ್ಣದಲ್ಲಿ ಬರೆದಿತ್ತು: ‘ಕೈಗವಸು, ಮುಖಗವಸು ಹಾಕಿಕೊಂಡವರಿಗೆ ಪ್ರವೇಶವಿಲ್ಲ.’ ಇದು ಬರೀ ಜಂಬದ ಮಾತಲ್ಲ, ಆ ಜಮೀನಿನ ಕಾನೂನು. ಭಾನುವಾರ ಬೆಳಗ್ಗೆ ಪಟ್ಟಣದ ಗಿರಾಕಿಗಳು ಬಟ್ಟೆಚೀಲ ಹಿಡಿದುಕೊಂಡು ತರಕಾರಿ ಕೊಳ್ಳಲು ಬರುತ್ತಿದ್ದರು. ಕೈಗವಸು ಕಂಡರೆ ಇಲ್ಲೇನೋ ಮುಚ್ಚಿಡುತ್ತಾರೆ ಎಂದು ಅವರಿಗೆ ಅನುಮಾನ. ಬರಿಗೈ ಕಂಡರೆ ನಂಬಿಕೆ. ಆದ್ದರಿಂದ ಶುದ್ಧ ಪ್ರತಿ ಭಾನುವಾರ ಅವರೆದುರಿಗೆ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು, ತೋಳಿನವರೆಗೆ ಅಂಗಿ ಮಡಿಸಿ, ಬರಿಗೈ ಇಳಿಸಿ ಕಲಕುತ್ತಿದ್ದ. ಡ್ರಮ್ಮಿನಲ್ಲಿದ್ದದ್ದು ಹೊಗೆಸೊಪ್ಪು. ಬೀಡಿ ಕಟ್ಟುವವರು ಬಿಸಾಕಿದ ದಂಟು, ಚೂರು, ಪುಡಿಯನ್ನೆಲ್ಲ ಮೂಟೆಯಲ್ಲಿ ತಂದು ಕುದಿಸಿ, ವಾರಗಟ್ಟಲೆ ಕೊಳೆಹಾಕಿ, ಎಲೆಗೆ ಅಂಟಲೆಂದು ಸೋಪು ಕದಡಿದ ಕಪ್ಪು ರಸ. ಅದನ್ನು ಚಿಮುಕಿಸಿದರೆ ಗಿಡದ ಹೇನು, ನುಸಿ ಎಲ್ಲ ಅಂಗಾತ ಬೀಳುತ್ತಿದ್ದವು.

ಕಲಕಿದ ಮೇಲೆ ಶುದ್ಧ ಪ್ರತಿ ಸಲವೂ ಶೆಡ್ಡಿನ ಹಿಂದಕ್ಕೆ ಹೋಗಿ ವಾಂತಿ ಮಾಡುತ್ತಿದ್ದ. ತಲೆ ತಿರುಗುತ್ತಿತ್ತು, ಕೈ ಬೆವರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಇದಕ್ಕೊಂದು ಕಾರಣ ಹುಡುಕುತ್ತಿದ್ದರು. ಶುದ್ಧನಿಗೆ ಕಾರಣ ಮೊದಲೇ ಗೊತ್ತಿತ್ತು: ಹಳೆಯ ದಿನಗಳಲ್ಲಿ ತಾನೂ ಔಷಧಿ ಹೊಡೆದಿದ್ದೆನಲ್ಲ, ಆ ವಿಷವನ್ನು ಸೊಪ್ಪಿನ ರಸ ಮೈಯಿಂದ ಹೊರಗೆ ದೂಡುತ್ತಿದೆ. ವಾಂತಿ ಹೆಚ್ಚಾದ ದಿನ ಆತನಿಗೆ ಸಮಾಧಾನ ಹೆಚ್ಚು.

ಮೊದಲ ದಿನಗಳಲ್ಲಿ ಪಂಪುವಿಗೆ ಕಳೆ ಕೀಳುವ ಕೆಲಸ ಕೊಟ್ಟಿದ್ದ, ಕಣ್ಣಿಗೆ ಬೀಳದ ಮೂಲೆಯಲ್ಲಿ. ಅಲ್ಲಿ ಕೈಗವಸು ನಡೆಯಿತು. ಎದುರಾದಾಗ ಭುಜಕ್ಕೆ ಭುಜ ತಾಗಿಸಿ ದಾರಿ ಮಾಡಿಕೊಳ್ಳುತ್ತಿದ್ದರು; ಒಮ್ಮೆ ಅದರಲ್ಲಿ ಶುದ್ಧ ಗೊಬ್ಬರದ ಗುಂಡಿಗೆ ಬಿದ್ದ, ಇನ್ನೊಮ್ಮೆ ಪಂಪುವಿನ ಹುಬ್ಬು ಒಡೆಯಿತು. ಅದನ್ನು ಇಬ್ಬರೂ ಜಗಳವೆಂದು ಎಣಿಸಲಿಲ್ಲ.

ಆಮೇಲೆ ಭಾನುವಾರ ಬಂತು. ಗಿರಾಕಿಗಳು ಬಂದರು. ಅವರಲ್ಲಿ ಮುಂದೆ ನಿಂತವರು ಇಬ್ಬರು: ಒಬ್ಬಳು ಕನ್ನಡಕದ ಹೆಂಗಸು, ಇನ್ನೊಬ್ಬ ಕ್ಯಾಮೆರಾ ಹಿಡಿದ ಗಂಡಸು. ಶುದ್ಧ ಅಣ್ಣನನ್ನು ಕೂಗಿ ಡ್ರಮ್ಮಿನ ಪಕ್ಕ ನಿಲ್ಲಿಸಿದ.

“ಇವರು ನಮ್ಮಣ್ಣ. ಜೀವಮಾನವೆಲ್ಲ ವಿಷ ಹೊಡೆದೋರು. ಈಗ ನೋಡಿ, ತಾವಾಗೇ ಬಂದು ನಮ್ಮ ಸೊಪ್ಪಿನ ರಸ ಕಲಕ್ತಾರೆ.”

ಪಂಪು ಗಿರಾಕಿಗಳನ್ನು ನೋಡಿದ, ಡ್ರಮ್ಮನ್ನು ನೋಡಿದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಿತ್ತಳೆ ಕೈಗವಸನ್ನು ತೆಗೆದು ಬೆರಳು ಬೆರಳಾಗಿ ತೊಟ್ಟುಕೊಂಡ.

“ತೆಗಿ ಅದನ್ನ,” ಎಂದ ಶುದ್ಧ, ನಗುವನ್ನು ಹಾಗೇ ಇಟ್ಟುಕೊಂಡು.

“ಡಾಕ್ಟರಮ್ಮ ಹೇಳಿದಾಳೆ.”

“ಅದು ನಿನ್ನ ಡಬ್ಬಿ ವಿಷಕ್ಕೆ ಕಣೋ. ಇದು ಸೊಪ್ಪು. ಗೇಟಿನ ಮೇಲೆ ಏನು ಬರ್ದಿದೆ, ಓದಕ್ಕೆ ಬರಲ್ವಾ?”

“ಬರುತ್ತೆ. ‘ತಿಕ್ಕಲರಿದ್ದಾರೆ, ಎಚ್ಚರಿಕೆ’ ಅಂತ ಬರೆಯೋದು ಮರ್ತಿದೀಯ.”

ಕನ್ನಡಕದ ಹೆಂಗಸು ನಕ್ಕಳು. ಶುದ್ಧನಿಗೆ ಆ ನಗು ಕೆನ್ನೆಗೆ ಬಾರಿಸಿದಂತಾಯಿತು. ಆತ ಅಣ್ಣನ ಬಲಗೈ ಕೈಗವಸಿನ ತುದಿ ಹಿಡಿದು ಎಳೆದ. ರಬ್ಬರು ಮೊಳದುದ್ದ ಹಿಗ್ಗಿ, ಕಿತ್ತುಬಂದು, ಆತನ ಮೂಗಿಗೇ ಬಡಿಯಿತು. ಈಗ ಎಲ್ಲರೂ ನಕ್ಕರು.

ಪಂಪು ಮುಷ್ಟಿ ಕಟ್ಟಿ ಹೊಡೆದ. ಹಿಂದಿನ ಪಂಪು ಆಗಿದ್ದರೆ ಶುದ್ಧ ಎದ್ದೇಳುತ್ತಿರಲಿಲ್ಲ. ಈಗಿನ ಮುಷ್ಟಿಯಲ್ಲಿ ಬಲವಿರಲಿಲ್ಲ. ತುಟಿ ಒಡೆದು ರಕ್ತ ಬಂತು, ಅಷ್ಟೇ. ಶುದ್ಧ ತಲೆ ತಗ್ಗಿಸಿ ಅಣ್ಣನ ಹೊಟ್ಟೆಗೆ ಗುದ್ದಿದ. ಇಬ್ಬರೂ ಟೊಮೇಟೊ ಬುಟ್ಟಿಗಳ ಮೇಲೆ ಬಿದ್ದರು. ಹೊರಳಾಡಿ ಎದ್ದರು, ಕೆಂಪು ರಸದಲ್ಲಿ ಯಾರ ರಕ್ತ ಯಾವುದೆಂದು ತಿಳಿಯಲಿಲ್ಲ. ಪಂಪು ಕೈಗೆ ಸಿಕ್ಕ ತಕ್ಕಡಿಯ ಬಟ್ಟಲನ್ನು ಬೀಸಿದ. ಶುದ್ಧನ ಹಣೆ ಬಿರಿಯಿತು. ಶುದ್ಧ ಹಿಂದಿನಿಂದ ಹೋಗಿ ಅಣ್ಣನ ಕುತ್ತಿಗೆಗೆ ತೋಳು ಹಾಕಿದ.

ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದ ಆ ಹೊತ್ತಿನಲ್ಲಿ ಶುದ್ಧನಿಗೆ ಹೊಳೆದದ್ದು ಕೊಲ್ಲುವ ಯೋಚನೆಯಲ್ಲ. ಹಾಗಿದ್ದಿದ್ದರೆ ಸುಲಭವಿತ್ತು, ಕುಡುಗೋಲು ಪಕ್ಕದಲ್ಲೇ ಇತ್ತು. ಆತನಿಗೆ ಹೊಳೆದದ್ದು ಕರುಣೆ. ಇವನ ಮೈಯಲ್ಲಿ ಇಷ್ಟು ವಿಷ ತುಂಬಿದೆ, ಅದಕ್ಕೇ ಇಷ್ಟು ಕೇಡು. ಒಮ್ಮೆ ಎಲ್ಲವನ್ನೂ ಕಕ್ಕಿಸಿಬಿಟ್ಟರೆ ನನ್ನಣ್ಣ ನನಗೆ ಸಿಗುತ್ತಾನೆ.

“ಬಾ, ಇವತ್ತು ನಿನ್ನನ್ನ ತೊಳೆದೇಬಿಡ್ತೀನಿ!” ಎಂದು ಕೂಗಿ ಅಣ್ಣನನ್ನು ಡ್ರಮ್ಮಿನ ಅಂಚಿಗೆ ಎಳೆದು ಎರಡೂ ಕೈಗಳನ್ನು ರಸದೊಳಗೆ ಅದುಮಿದ. ಪಂಪು ಒದೆದ. ಒದ್ದ ಕಾಲು ಜಾರಿತು. ಶುದ್ಧ ಆತನ ತಲೆಗೂದಲು ಹಿಡಿದು ಮುಖ ಮುಳುಗಿಸಿದ, ಎತ್ತಿದ, ಮತ್ತೆ ಮುಳುಗಿಸಿದ. ಪಂಪು ಕೆಮ್ಮಿ, ನುಂಗಿ, ಬೈದು, ಮತ್ತೆ ನುಂಗಿದ. ಆಮೇಲೆ ಶುದ್ಧ ಬಕೆಟ್ಟು ತುಂಬಿ ತುಂಬಿ ಅಣ್ಣನ ತಲೆಯ ಮೇಲೆ ಸುರಿದ. ಅರ್ಧ ತನ್ನ ಮೈಮೇಲೂ ಬಿತ್ತು.

“ಪಾಪ, ಬಿಟ್ಬಿಡಿ,” ಎಂದಳು ಕನ್ನಡಕದ ಹೆಂಗಸು.

“ಏನೂ ಆಗಲ್ಲ ಬಿಡಿ, ಬರೀ ಸೊಪ್ಪಿನ ರಸ,” ಎಂದು ಕ್ಯಾಮೆರಾದವನು ಧೈರ್ಯ ಹೇಳಿದ. ಆತ ಕ್ಯಾಮೆರಾ ಇಳಿಸಿರಲಿಲ್ಲ.

ಪಂಪುವಿನ ಹೆಂಡತಿ ಊಟದ ಡಬ್ಬಿ ಹಿಡಿದು ಗೇಟಿನಲ್ಲಿ ಬಂದಾಗ ಆಕೆಗೆ ಕಂಡದ್ದು, ಕಪ್ಪಗೆ ತೊಯ್ದ ಗಂಡ ಮಂಡಿಯೂರಿ ವಾಂತಿ ಮಾಡುತ್ತಿರುವುದು, ಮೈದುನ ಪಕ್ಕದಲ್ಲಿ ಕೂತು ಬೆನ್ನು ನೇವರಿಸುತ್ತಿರುವುದು. ಆಕೆ ವಿಚಾರಣೆ ಮಾಡಲಿಲ್ಲ. ಗೋಡೆಗೊರಗಿದ್ದ ಗುದ್ದಲಿಯ ಕಾವಿನಿಂದ ಮೈದುನನ ಬೆನ್ನಿಗೆ ಬಾರಿಸಿದಳು. ಆತ ಉರುಳಿದ ಮೇಲೆ ಪಕ್ಕೆಗೆ ಬಾರಿಸಿದಳು.

“ಏನು ಹಾಕ್ದೆಯೋ ಪಾಪಿ? ಏನು ಸುರಿದೆ?”

“ಹೊಡೀಬೇಡಿ ಅತ್ತಿಗೆ! ಸೊಪ್ಪಿನ ರಸ! ಅವನೊಳಗಿರೋದೆಲ್ಲ ಬರ್ತಿದೆ, ನೋಡಿ, ಬರ್ತಿದೆ!”

ಬರುತ್ತಲೇ ಇತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯಿತು. ತೊಡೆಯ ಮಾಂಸ ಒಳಗೇನೋ ಹರಿದಾಡಿದಂತೆ ಅದುರತೊಡಗಿತು. ಆಕೆ ಗುದ್ದಲಿ ಬಿಸಾಡಿ ಗಂಡನ ತೋಳಿನಡಿ ಕೈ ಹಾಕಿದಳು. ಕ್ಯಾಮೆರಾದವನ ವ್ಯಾನಿನಲ್ಲಿ ಮಲಗಿಸಿದರು. ಶುದ್ಧನೂ ಹತ್ತಿದ.

ದಾರಿಯಲ್ಲಿ ಪಂಪು ಗಡಗಡ ನಡುಗುತ್ತಿದ್ದ. ಆಕೆ ಆತನ ಒದ್ದೆ ಅಂಗಿಯ ಗುಂಡಿ ಬಿಚ್ಚಲು ಹೋದಳು.

“ಬೇಡ ಅತ್ತಿಗೆ, ಇರಲಿ. ಮೈಗೆ ಹಿಡೀಲಿ. ನಂಗೂ ಹೀಗೇ ಆಗುತ್ತೆ, ಆಮೇಲೆ ಸರಿಹೋಗುತ್ತೆ.”

“ನಿಂಗೂ ಆಗುತ್ತಾ?”

“ಪ್ರತಿ ವಾರ ಆಗುತ್ತೆ.”

ಆಕೆ ಮೈದುನನ ಮುಖ ನೋಡಿದಳು. ಒಡೆದ ಹಣೆ, ಊದಿದ ತುಟಿ. ಆದರೆ ಕಣ್ಣಿನಲ್ಲಿ ಕಳ್ಳತನವಿರಲಿಲ್ಲ. ವಿಷವಿಲ್ಲ ಎಂದು ತಲೆ ಮುಟ್ಟಿಕೊಂಡು ಹೇಳಿದವನು. ಆಕೆ ಗುಂಡಿಯಿಂದ ಕೈ ತೆಗೆದಳು. ಚಳಿಯಾಗದಿರಲೆಂದು ಸೀಟಿನ ಮೇಲಿದ್ದ ದಪ್ಪ ಹೊದಿಕೆಯನ್ನು ಒದ್ದೆ ಅಂಗಿಯ ಮೇಲೆಯೇ ಬಿಗಿಯಾಗಿ ಸುತ್ತಿದಳು.

ಆಸ್ಪತ್ರೆಯ ಬಾಗಿಲಲ್ಲಿ ಅದೇ ಡಾಕ್ಟರಮ್ಮ. ಪಂಪುವನ್ನು ಕಂಡದ್ದೇ ಆಕೆಯ ಮುಖ ಗಂಟಾಯಿತು.

“ಮತ್ತೆ ಹೊಡೆದ್ರಾ? ಯಾವ ಔಷಧಿ? ಡಬ್ಬಿ ತಂದಿದೀರಾ?”

“ಡಬ್ಬಿ ಇಲ್ಲ ಡಾಕ್ಟ್ರೇ. ಪಂಪು ಜಜ್ಜಿ ಹಾಕಿದೀನಿ. ವಿಷ ಇಲ್ಲದ ಕಡೆ ಬಿಟ್ಟಿದ್ದೆ.”

“ಸುಳ್ಳು ಹೇಳಿದ್ರೆ ಇವರೇ ಹೋಗ್ತಾರಮ್ಮ. ಏನದು?”

“ಬರೀ ಸೊಪ್ಪಿನ ರಸ,” ಎಂದ ಶುದ್ಧ ಹಿಂದಿನಿಂದ.

“ಯಾವ ಸೊಪ್ಪು?”

“ಹೊಗೆಸೊಪ್ಪು. ಸೋಪು ಹಾಕಿ ಕೊಳೆಸಿದ್ದು. ಶುದ್ಧ...”

ಡಾಕ್ಟರಮ್ಮ ಅಷ್ಟರಲ್ಲಿ ಹೊದಿಕೆ ಎಳೆದು ಬಿಸಾಡಿ ಕತ್ತರಿಯಿಂದ ಅಂಗಿ ಸೀಳುತ್ತಿದ್ದಳು. “ನೀರು! ಬಕೆಟ್ಟುಗಟ್ಟಲೆ ನೀರು ತನ್ನಿ!” ಎಂದು ಒಳಗೆ ಕೂಗಿದಳು. ಅಂಗಿಯ ಕೆಳಗಿನ ಚರ್ಮ ಬಿಸಿನೀರಲ್ಲಿ ನೆನೆದಂತೆ ಬಿಳಿಚಿ ಸುಕ್ಕಾಗಿತ್ತು. “ಅದನ್ನ ತಗಲಿಸ್ಕೊಂಡ ಹುಳ ಸಾಯೋದು ಯಾತಕ್ಕೆ ಅಂದ್ಕೊಂಡಿದ್ರೀ? ನಿಮ್ಮ ಒಳ್ಳೇತನಕ್ಕಾ? ಡಬ್ಬೀಲಿ ಬಂದ್ರೂ ಎಲೇಲಿ ಬಂದ್ರೂ ನರಕ್ಕೆ ಒಂದೇ. ಸೋಪು ಬೇರೆ ಸೇರಿಸಿದೀರಿ, ಚರ್ಮ ಕುಡೀತಾ ಕೂತಿರುತ್ತೆ. ಎಷ್ಟು ಹೊತ್ತಿಂದ ಈ ಅಂಗಿ ಮೈಮೇಲಿದೆ?”

ಗಾಲಿಮಂಚ ಬಾಗಿಲು ತಳ್ಳಿಕೊಂಡು ಒಳಗೆ ಹೋಯಿತು. ಪಂಪುವಿನ ಎದೆ ಏರಿಳಿಯುವುದು ಆಗಲೇ ಹೊರಗಿನವರಿಗೆ ಕಾಣುವಷ್ಟಿರಲಿಲ್ಲ. ಗಂಟಲಿಗೆ ಕೊಳವೆ ಇಳಿಸುವ ಸದ್ದು ಕೇಳಿಸಿತು, ಯಾರೋ ಓಡಿದರು, ಲೋಹದ ತಟ್ಟೆಯೊಂದು ನೆಲಕ್ಕೆ ಬಿತ್ತು.

ಹೊರಗಿನ ಉದ್ದ ಹಾದಿಯಲ್ಲಿ ಪಂಪುವಿನ ಹೆಂಡತಿಯ ಕೈಯಲ್ಲಿ ಊಟದ ಡಬ್ಬಿ ಇನ್ನೂ ಹಾಗೇ ಇತ್ತು. ಆಕೆ ಅದರಿಂದ ಮೈದುನನ ಮುಖಕ್ಕೆ ಹೊಡೆದಳು. ಮುಚ್ಚಳ ಹಾರಿ ಅನ್ನ ಗೋಡೆಗೆ ಸಿಡಿಯಿತು. ಮತ್ತೆ ಹೊಡೆದಳು. ದವಡೆಯಲ್ಲಿ ಏನೋ ಲಟಕ್ಕೆಂದಿತು. ಕೂತವರು ಎದ್ದು ದೂರ ಸರಿದರೇ ಹೊರತು ಯಾರೂ ಅಡ್ಡ ಬರಲಿಲ್ಲ.

“ತಲೆ ಮುಟ್ಕೊಂಡು ಹೇಳಿದ್ದೆಯಲ್ಲೋ! ನಿನ್ನ ತಲೆ ಮುಟ್ಕೊಂಡು!”

ಶುದ್ಧ ಕೈ ಎತ್ತಲಿಲ್ಲ. ಎತ್ತಲು ಆಗುತ್ತಿರಲಿಲ್ಲ, ಬೆರಳುಗಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ಬಾಗಿ ನೆಲಕ್ಕೆ ವಾಂತಿ ಮಾಡಿದ. ಎರಡು ಹಲ್ಲು ಅದರ ಜೊತೆಗೇ ಬಂದವು.

“ಹಳೇದು ಅತ್ತಿಗೆ,” ಎಂದ ಅಸ್ಪಷ್ಟವಾಗಿ. “ಹಳೇ ವಿಷ ಬರ್ತಿದೆ.”

ಆಕೆ ಆತನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದುತ್ತಿದ್ದಾಗ ಇಬ್ಬರು ನರ್ಸುಗಳು ಬಂದು ಬಿಡಿಸಿದರು. ಒಬ್ಬಳು ಶುದ್ಧನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಇವನ ಅಂಗಿಯನ್ನೂ ಕತ್ತರಿಸಿ ಎಂದಳು. ಆತನನ್ನು ಬಚ್ಚಲಿಗೆ ಒಯ್ದು ನೆಲದಲ್ಲಿ ಕೂರಿಸಿ ನೀರು ಹಾಯಿಸಿದರು. ಕಪ್ಪು ನೀರು ಹರಿದು ಕೆಂಪಾಗಿ, ಆಮೇಲೆ ತಿಳಿಯಾಯಿತು. ಅಲ್ಲಿಂದಲೇ ಆತ ಅಣ್ಣನನ್ನು ಕೂಗಿ ಕರೆಯುತ್ತಿದ್ದ. ಒಮ್ಮೆ ಬೈದು, ಒಮ್ಮೆ ಬರೀ ಅಣ್ಣಾ ಎಂದು. ನೀರು ಹಾಕುತ್ತಿದ್ದ ನರ್ಸು ಮೂತಿ ಮೇಲೊಂದು ಬಿಟ್ಟು ಸುಮ್ಮನಿರಲು ಹೇಳಿದಳು.

ಡಾಕ್ಟರಮ್ಮ ಹೊರಗೆ ಬಂದಾಗ ಕೈಯಲ್ಲಿ ತನ್ನ ಕೈಗವಸುಗಳನ್ನು ಬಿಚ್ಚಿ ಹಿಡಿದಿದ್ದಳು. ಪಂಪುವಿನ ಹೆಂಡತಿ ಬೆಂಚಿನಿಂದ ಎದ್ದಳು.

“ಉಸಿರಾಡ್ತಿದಾರಾ?”

“ಯಂತ್ರ ಆಡಿಸ್ತಿತ್ತಮ್ಮ,” ಎಂದಳು ಡಾಕ್ಟರಮ್ಮ.

ಪಂಪು ಮಧ್ಯಾಹ್ನದ ಹೊತ್ತಿಗೇ ಸತ್ತಿದ್ದ. ಶುದ್ಧನನ್ನು ಮರುದಿನ ಮನೆಗೆ ಕಳಿಸಿದರು.